ಹದಿನೇಳನೇ ಅಭ್ಯರ್ಥಿಗೆ ಕೆಂಪು ಶಾಯಿ

ಪಾಂಗ್ಯೊ
15 ಸೆಪ್ಟೆಂಬರ್ 2025

ಬ್ಯೊನ್ ಸಾಂಗು ಸನ್‌ಬೇನಿಮ್ ಅವರ ಸನ್ನಿಧಾನಕ್ಕೆ,

ನಿಮ್ಮ ಕೈಕೆಳಗೆ ಪಳಗಿದ ಓಕ್ ದಾಯೊನ್ ಮಾಡುವ ವಿಜ್ಞಾಪನೆ. ನಾನು ಕ್ಷೇಮ. ಮೊಕ್ಪೊದಲ್ಲಿ ನೀವೂ, ಅತ್ತಿಗೆಯೂ, ಕೋಳಿ ಕರಿಯುವ ಬಾಣಲೆಯೂ ಕ್ಷೇಮವೆಂದು ನಂಬಿದ್ದೇನೆ.

ನಾಲ್ಕು ವರ್ಷದಿಂದ ನಾವು ಕಾಗದ ಬರೆದುಕೊಳ್ಳುವುದನ್ನು ನೋಡಿ ಆಫೀಸಿನ ಹುಡುಗಿಯರು, "ಪಾಪ, ನಿಮ್ಮ ಸನ್‌ಬೇಗೆ ಫೋನ್ ಇಲ್ವಾ?" ಎಂದು ಮರುಗುತ್ತಾರೆ. ಕೈಯಲ್ಲಿ ಬರೆದು ವಿವರಿಸಲಾಗದ ತಪ್ಪನ್ನು ಕೋಡಿನಲ್ಲಿ ತಿದ್ದಲೂ ಆಗದು ಎಂದು ನೀವು ನನ್ನಿಂದ ಮೊದಲ ವರ್ಷವಿಡೀ ಕಾಗದದ ಮೇಲೆ ಬರೆಸಿ, ಅದರ ಮೇಲೆ ಕೆಂಪು ಶಾಯಿ ಸುರಿದ ಕಥೆ ಹೇಳಿದರೆ, ನನ್ನ ವಯಸ್ಸಿನ ಬಗ್ಗೆಯೇ ಅನುಮಾನಪಡುತ್ತಾರೆ. ಒಂದೇ ದಿನ ಮೊದಲು ಕೆಲಸಕ್ಕೆ ಸೇರಿದವರೂ ಇಲ್ಲಿ ಸಾಯುವ ತನಕ ಸನ್‌ಬೇ. ನೀವೋ ಹದಿನೇಳು ವರ್ಷ ಮೊದಲು ಸೇರಿದವರು. ಆದ್ದರಿಂದ ಸತ್ತ ಮೇಲೂ ನನಗೆ ನಿಮ್ಮಿಂದ ಬಿಡುಗಡೆಯಿಲ್ಲ.

ಈಗ ಸುದ್ದಿ. ನಿಮ್ಮ ಗರಡಿ ಬಿಟ್ಟು ಆರು ವರ್ಷದ ಹಿಂದೆ ನಾನು ಸೇರಿದ ಈ ಕಂಪನಿಗೆ ಹೊಸ ಪ್ರೋಗ್ರಾಮರ್ ಒಬ್ಬರನ್ನು ಆರಿಸಬೇಕಾಗಿದೆ. ವಯಸ್ಸು, ಹುದ್ದೆ ಮರೆತು ಎಲ್ಲರೂ ಸರಿಸಮ ಮಾತಾಡಲೆಂದು ನಮಗೆಲ್ಲ ಇಂಗ್ಲಿಷ್ ಹೆಸರಿಟ್ಟಿರುವುದು ನಿಮಗೆ ಗೊತ್ತು. ಪರಿಣಾಮ ಇಷ್ಟೇ: ನಾವು ಯಜಮಾನರನ್ನು "ಕೆವಿನ್" ಎಂದು ಕರೆದು, ಕರೆದ ತಪ್ಪಿಗೆ ಸೊಂಟ ಬಗ್ಗಿಸುತ್ತೇವೆ. ಕಳೆದ ಸಲ ಬಂದ ಮುನ್ನೂರು ಅರ್ಜಿಗಳಲ್ಲಿ ಇನ್ನೂರ ತೊಂಬತ್ತು, "ಕಟ್ಟುನಿಟ್ಟಿನ ತಂದೆ ಮತ್ತು ಮಮತಾಮಯಿ ತಾಯಿಯ ಮಡಿಲಲ್ಲಿ ನಾನು..." ಎಂದೇ ಶುರುವಾಗಿದ್ದವು. ದೇಶದಲ್ಲಿ ಸಡಿಲ ತಂದೆಯರೂ ಸಿಡುಕಿ ತಾಯಂದಿರೂ ಇಲ್ಲವೇ ಇಲ್ಲ ಎನ್ನುವುದು ಇದರಿಂದ ಸಿದ್ಧವಾಗುತ್ತದೆ. ಕೆವಿನ್ ತಲೆಕೆಟ್ಟು ಆಜ್ಞೆ ಹೊರಡಿಸಿದರು: "ಇನ್ಮೇಲೆ ಫೋಟೋ ಬೇಡ, ಹೆಸರು ಬೇಡ, ವಯಸ್ಸು, ಕಾಲೇಜು, ಊರು, ಏನೂ ಬೇಡ. ನಂಬರ್ ಮಾತ್ರ. ಕೋಡ್ ನೋಡೋಣ, ಮುಖ ಆಮೇಲೆ."

ಮುಖ ಕಾಣಬಾರದೆಂದು ಅವರು ತಮ್ಮ ಮನೆಯಿಂದಲೇ ಮಡಿಚುವ ಚಿತ್ರದ ಪರದೆ ತಂದು ನಿಲ್ಲಿಸಿದರು. ಹಿರಿಯರಿಗೆ ಎಡೆ ಇಡುವ ದಿನ ಹಿಂದೆ ನಿಲ್ಲಿಸುತ್ತೇವಲ್ಲ, ಅದೇ. ಮೊದಲ ಅಭ್ಯರ್ಥಿ ಒಳಗೆ ಬಂದ, ಪರದೆ ಕಂಡ, ಅಭ್ಯಾಸಬಲದಿಂದ ಎರಡು ಸಲ ಅಡ್ಡಬಿದ್ದ. ಬದುಕಿದ್ದವರಿಗೆ ಒಂದೇ ನಮಸ್ಕಾರ ಸಾಕು ಎಂದು ತಿಳಿಸಲು ನಾವೆಲ್ಲರೂ ಈಚೆಯಿಂದ ಕೆಮ್ಮಬೇಕಾಯಿತು. ಎರಡನೆಯವನು ಬಾಯಿಬಿಟ್ಟದ್ದೇ ತಡ, ತಂಡದ ಮುಖ್ಯಸ್ಥ ಲಿಯೊ, "ಅರೆ, ನಮ್ ಬೂಸಾನ್ ಕಡೆ ಹುಡುಗ ಕಣೋ! ಯಾವ ಬೀದಿ ನಿಂದು?" ಎಂದು ಕೂಗಿ ಪರದೆಯನ್ನೇ ಬೀಳಿಸಿದರು. ಈಗ ಪರದೆಯೂ ಇಲ್ಲ, ಮಾತೂ ಇಲ್ಲ. ಅಭ್ಯರ್ಥಿ ಒಂದು ಕೋಣೆಯಲ್ಲಿ, ನಾವು ಇನ್ನೊಂದರಲ್ಲಿ. ಪ್ರಶ್ನೆ, ಉತ್ತರ ಎಲ್ಲ ಟೈಪು. ಗೋಡೆಗೆ ಎರಡು ನಿಯಮ ಅಂಟಿಸಿದ್ದಾರೆ: *ಗುರುತು ಹೇಳಿಕೊಂಡ ಅಭ್ಯರ್ಥಿ ಹೊರಗೆ. ಗುರುತು ಹಿಡಿದ ಪರೀಕ್ಷಕ ಹೊರಗೆ.*

ಭಯಪಡಬೇಡಿ, ನಾನು ಪರೀಕ್ಷಕಿಯಲ್ಲ, ಕಾಗದ ಜೋಡಿಸುವವಳು. ಆದರೂ ಕೇಳುತ್ತೇನೆ: ಒಂದೇ ಪ್ರಶ್ನೆ ಕೇಳಬಹುದಾದರೆ ನೀವು ಏನು ಕೇಳುತ್ತೀರಿ?

ನಿಮ್ಮ ದಾಯೊನ್

---

ಮೊಕ್ಪೊ
24 ಸೆಪ್ಟೆಂಬರ್

ದಾಯೊನ್,

ಅಂಗಡಿ ಭರ್ಜರಿಯಾಗಿ ನಡೆಯುತ್ತಿದೆ. ಎಷ್ಟು ಭರ್ಜರಿ ಎಂದರೆ ಅದರ ಬಗ್ಗೆ ಬರೆಯಲು ಪುರಸೊತ್ತಿಲ್ಲ.

ಪ್ರೋಗ್ರಾಮರ್‌ಗಳ ಬಾಳು ಎಲ್ಲಿ ಶುರುವಾದರೂ ಕೋಳಿ ಅಂಗಡಿಯಲ್ಲೇ ಮುಗಿಯುತ್ತದೆ ಎಂದು ನಿಮ್ಮ ಪ್ರಾಯದವರು ಚಟಾಕಿ ಹಾರಿಸುತ್ತೀರಲ್ಲ, ಅದರಲ್ಲಿ ಒಂದು ತಪ್ಪಿದೆ. ಮುಗಿಯುವುದಿಲ್ಲ. ಬಾಣಲೆಯ ಮುಂದೆ ನಿಂತವನೂ ಮನಸ್ಸಿನಲ್ಲಿ ಕೋಡು ಬರೆಯುತ್ತಲೇ ಇರುತ್ತಾನೆ. ಸಾಮಾನ್ಯವಾಗಿ ಹೇಳಿದೆ, ನನ್ನ ಬಗ್ಗೆ ಅಲ್ಲ.

ನಿನ್ನ ಪ್ರಶ್ನೆಗೆ ಉತ್ತರ. ಇಪ್ಪತ್ತು ವರ್ಷ ನಾನು ಒಂದೇ ಪ್ರಶ್ನೆ ಕೇಳಿದ್ದೇನೆ: "ಇತ್ತೀಚೆಗೆ ನೀವು ಕೆಡಿಸಿದ್ದೇನು?" ಏನೂ ಕೆಡಿಸಿಲ್ಲ ಎಂದವರನ್ನು ಕಾಫಿ ಕುಡಿಸಿ ಕಳಿಸು. ಬೇರೆಯವರ ಮೇಲೆ ಹಾಕಿದವರನ್ನು ಕಾಫಿ ಇಲ್ಲದೆ ಕಳಿಸು. ಹೇಗೆ ಸರಿಪಡಿಸಿದೆ ಎಂದು ಹೇಳಿದವರನ್ನು ಕೂರಿಸು. ಆದರೆ ಅದರಿಂದ ಯಾರಿಗೆ ನೋವಾಯಿತು ಎಂದು ತಾವಾಗಿಯೇ ಹೇಳುವವರಿದ್ದಾರಲ್ಲ, ಅವರನ್ನು ಬಿಡಬೇಡ.

ಹನ್ನೊಂದು ವರ್ಷದ ಹಿಂದೆ ಸಂದರ್ಶನದಲ್ಲಿ ನೀನು ನನ್ನ ಲೆಕ್ಕವೊಂದನ್ನೂ ಬಿಡಿಸಲಿಲ್ಲ. ಒಂದನ್ನೂ. ಕೊನೆಗೆ ಇದನ್ನು ಕೇಳಿದೆ. ನೀನು, ಕಾಲೇಜಿನಲ್ಲಿದ್ದಾಗ ಶಾಲೆಯೊಂದರ ಊಟದ ಪಟ್ಟಿಗೆ ಪ್ರೋಗ್ರಾಂ ಬರೆದೆ, ಒಂದನೇ ಕ್ಲಾಸಿನ ಮಗುವೊಂದರ ಹೆಸರು ಬಿಟ್ಟುಹೋಯಿತು, ಅದು ಒಂದು ದಿನ ಖಾಲಿ ತಟ್ಟೆ ಹಿಡಿದು ನಿಂತಿತ್ತು ಎಂದೆ. ಮಗುವಿನ ಹೆಸರೂ ಹೇಳಿದೆ. ನಿನ್ನ ಅಂಕಪಟ್ಟಿಯಲ್ಲಿ ನಾನು ಬರೆದದ್ದು ಒಂದೇ ಸಾಲು: "ಮಗುವಿನ ಹೆಸರು ನೆನಪಿಟ್ಟಿದ್ದಾಳೆ." ಲೆಕ್ಕ ಆಮೇಲೆ ಕಲಿಸಿದೆ. ಬೆವರಿಳಿಯಿತು, ಅದು ಬೇರೆ ವಿಷಯ.

ಅಂದ ಹಾಗೆ, ಅರ್ಜಿಗೆ ಕೊನೆಯ ದಿನ ಯಾವುದು? ನಿಜವಾಗಿಯೂ ವಯಸ್ಸು ಕೇಳುವುದಿಲ್ಲವೇ? ಕಾಗದದ ಹಿಂಬದಿಯಲ್ಲೂ? ನನ್ನ ಪರಿಚಯದವರೊಬ್ಬರು ವಿಚಾರಿಸುತ್ತಿದ್ದರು.

ಸಾಂಗು

---

ಪಾಂಗ್ಯೊ
20 ಅಕ್ಟೋಬರ್

ಸನ್‌ಬೇನಿಮ್,

ಅಂಕಪಟ್ಟಿಯ ಆ ಸಾಲು ಓದಿ ಆಫೀಸಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಕಾರಣ ಕೇಳಿದವರಿಗೆ ಧೂಳು ಎಂದೆ. ಹನ್ನೊಂದು ವರ್ಷ ನಾನು ಲೆಕ್ಕದಲ್ಲಿ ಪಾಸಾಗಿ ಬಂದವಳು ಎಂದೇ ತಿಳಿದಿದ್ದೆ!

ಈಗ ಕೇಳಿ. ಮೂವರು ಪರೀಕ್ಷಕರಲ್ಲಿ ಒಬ್ಬರಾದ ಗ್ರೇಸ್ ಹೆರಿಗೆಗೆ ಹೋದರು. ಅವರ ಕುರ್ಚಿ ನನಗೆ ಬಂತು. ಅಂದರೆ ನಾನೀಗ ಕೆವಿನ್, ಲಿಯೊ ಜೊತೆ ಮೂರನೇ ಪರೀಕ್ಷಕಿ. ಗಂಭೀರವಾಗಿ ಕಾಣಲೆಂದು ಪವರ್ ಇಲ್ಲದ ಕನ್ನಡಕ ಕೊಂಡಿದ್ದೇನೆ.

ನಾವು ಮಾಡುವುದು ವಯಸ್ಸಾದವರಿಗೆ ಮಾತ್ರೆ ನೆನಪಿಸುವ ಪ್ರೋಗ್ರಾಂ. ನಮ್ಮಲ್ಲಿ ಯಾರಿಗೂ ಮಾತ್ರೆ ನುಂಗುವ ವಯಸ್ಸಾಗಿಲ್ಲ. ಆದ್ದರಿಂದ ಪರೀಕ್ಷೆಯೂ ಅದೇ: "ಬೆಳಗಿನ ಮಾತ್ರೆ ತಗೊಂಡ್ರಾ ಎಂದು ಅಜ್ಜಿಯೊಬ್ಬರನ್ನು ಕೇಳುವ ಪ್ರೋಗ್ರಾಂ ಬರೆಯಿರಿ." ನಲವತ್ತು ಬಂದವು. ಮೂವತ್ತೊಂದು ಒಂದೇ ಅಚ್ಚಿನ ಬೆಲ್ಲ, ಯಂತ್ರದಿಂದ ಬರೆಸಿ ನುಣುಪು ಮಾಡಿ ಕಳಿಸಿದವು. ಎಂಟರಲ್ಲಿ ಅಜ್ಜಿ ಮಾತ್ರೆ ಮರೆತರೆ ಪರದೆ ಕೆಂಪಾಗಿ ಕಿರುಚುತ್ತದೆ. ಆ ಕಿರುಚಾಟಕ್ಕೆ ಅಜ್ಜಿ ಉಳಿದರೆ ತಾನೇ ಮಾತ್ರೆ.

ಉಳಿದದ್ದು ಹದಿನೇಳನೇ ನಂಬರು.

ಎಲ್ಲರಲ್ಲೂ ಎರಡು ಗುಂಡಿ: "ನುಂಗಿದೆ", "ನುಂಗಿಲ್ಲ". ಹದಿನೇಳರಲ್ಲಿ ಮೂರನೆಯದೊಂದಿದೆ: "ನುಂಗಿಲ್ಲ, ಬೈಬೇಡಿ". ಅದನ್ನು ಒತ್ತಿದರೆ ಪ್ರೋಗ್ರಾಂ ಬೈಯುವುದಿಲ್ಲ. "ಪರವಾಗಿಲ್ಲ, ಊಟ ಆಯ್ತಾ?" ಎಂದು ಕೇಳುತ್ತದೆ. ಊಟವಾಗಿಲ್ಲ ಎಂದರೆ ಮೊದಲು ಊಟ ಮಾಡಿ ಎಂದು ಅರ್ಧ ಗಂಟೆ ಬಿಟ್ಟು ಬರುತ್ತದೆ. ಕೋಡಿನ ನಡುನಡುವೆ ಟಿಪ್ಪಣಿಗಳು: "ಇಲ್ಲಿ ನಾನು ಹಿಂದೊಮ್ಮೆ ಎಡವಿದ್ದೇನೆ. ಮುಂದೆ ಬರುವವರು ಕಾಲು ನೋಡಿಕೊಂಡು ಬನ್ನಿ." ಓದಿ ನಾನು ಲಿಯೊಗೆ, "ಇದು ನಮ್ಮ ಸನ್‌ಬೇ ಗರಡಿಯ ಹುಡುಗ" ಎನ್ನಬೇಕೆಂದಿದ್ದೆ, ಗೋಡೆಯ ನಿಯಮ ಕಂಡು ನಾಲಿಗೆ ಕಚ್ಚಿಕೊಂಡೆ. ಅವತ್ತು ವಿಚಾರಿಸುತ್ತಿದ್ದ ನಿಮ್ಮ ಪರಿಚಯದವನು ಇವನೇ ತಾನೇ? ಹೇಳಬೇಡಿ! ಹೇಳಿದರೆ ನಾನು ಹೊರಗೆ. ನನ್ನಷ್ಟಕ್ಕೆ ಊಹಿಸಿದ್ದೇನೆ: ಇಪ್ಪತ್ತಾರು ವರ್ಷ, ಅಜ್ಜಿ ಸಾಕಿದ ಹುಡುಗ, ತೆಳ್ಳಗೆ, ಸರಿಯಾಗಿ ಊಟ ಮಾಡುವುದಿಲ್ಲ, ನಾಚಿಕೆ ಸ್ವಭಾವ.

ಅವನು ಬಂದರೆ ನಾನೇ ಪಳಗಿಸುತ್ತೇನೆ. ಪ್ರೀತಿಯಿಂದ, ಆದರೆ ಕಟ್ಟುನಿಟ್ಟಾಗಿ; ನೀವು ನನ್ನನ್ನು ಪಳಗಿಸಿದ ಹಾಗೆ. ಕೆಂಪು ಶಾಯಿ ಒಂದು ಬಾಟಲಿ ಕೊಂಡಿಟ್ಟಿದ್ದೇನೆ.

ದಾಯೊನ್

---

ಮೊಕ್ಪೊ
2 ನವೆಂಬರ್

ದಾಯೊನ್,

ಈ ಕಾಗದವನ್ನು ನಾನು ಅಂಚೆಗೆ ಹಾಕುವುದಿಲ್ಲ. ಆದರೂ ಬರೆಯುತ್ತಿದ್ದೇನೆ. ಕೈಯಲ್ಲಿ ಬರೆದು ವಿವರಿಸಲಾಗದ ತಪ್ಪನ್ನು ತಿದ್ದಲೂ ಆಗದು ಎಂದು ಯಾರೋ ಮಹಾನುಭಾವರು ಹೇಳಿದ್ದಾರೆ.

ಆ ತೆಳ್ಳಗಿನ, ನಾಚಿಕೆ ಸ್ವಭಾವದ ಹುಡುಗನಿಗೆ ಐವತ್ಮೂರು ವರ್ಷ. ಸೊಂಟ ಮೂವತ್ತೆಂಟು ಅಂಗುಲ. ಊಟವನ್ನು ಸರಿಯಾಗಿಯೇ ಮಾಡುತ್ತಾನೆ. ಹದಿನೇಳು ನಾನು.

ಅಂಗಡಿ ಆಗಸ್ಟಿನಲ್ಲೇ ಮುಚ್ಚಿತು. ನಿನ್ನ ಅತ್ತಿಗೆ ಮಿರ್ಯೊಂಗಳ ಮಣಿಕಟ್ಟು ಎಣ್ಣೆ ಜಾಲರಿ ಎತ್ತಿ ಎತ್ತಿ ಸೋತುಹೋಯಿತು. ಚಮಚ ಹಿಡಿದರೂ ನಡುಗುತ್ತಿತ್ತು. ನಾನು ಒಬ್ಬನೇ ನಡೆಸುತ್ತೇನೆಂದು ಎರಡು ದಿನ ಹೊರಟೆ. ಮೂರನೇ ದಿನ ಗಿರಾಕಿಗಳೇ ಕೈಮುಗಿದರು. ನಿನಗೆ ಹೇಳಲಿಲ್ಲ. ನಾನು ಹೊರಟಾಗ ನಿಲ್ದಾಣದಲ್ಲಿ ನೀನು, "ಸನ್‌ಬೇನಿಮ್, ನೀವಾದ್ರೂ ಗೆದ್ದು ತೋರಿಸಿ" ಎಂದಿದ್ದೆ ನೋಡು, ಅದಕ್ಕೆ.

ಎಂಟು ಕಂಪನಿಗಳಿಗೆ ಅರ್ಜಿ ಹಾಕಿದೆ. ಹುಟ್ಟಿದ ವರ್ಷ ತುಂಬಿದ ಕೂಡಲೇ "ನಿಮ್ಮ ಆಸಕ್ತಿಗೆ ಧನ್ಯವಾದ" ಬರುತ್ತಿತ್ತು. ಒಂದು ಎಷ್ಟು ಬೇಗ ಬಂತೆಂದರೆ ನನ್ನ ಬೆರಳಿನ್ನೂ ಗುಂಡಿಯ ಮೇಲಿತ್ತು. ನಿಮ್ಮದು ಒಂಬತ್ತನೆಯದು, ವಯಸ್ಸು ಕೇಳದ ಮೊದಲನೆಯದು. ನೀನು ಕಾಗದ ಜೋಡಿಸುವವಳು ಎಂದಿದ್ದೆಯಲ್ಲ, ಆ ಧೈರ್ಯದಲ್ಲಿ ಹಾಕಿದೆ. ಗ್ರೇಸ್ ಅವರಿಗೆ ಸುಖಪ್ರಸವವಾಗಲಿ, ಆದರೆ ಇನ್ನೊಂದು ತಿಂಗಳು ತಡೆಯಬಾರದಿತ್ತೇ!

ನಿನ್ನ ಕಾಗದವನ್ನು ಮಿರ್ಯೊಂಗಳಿಗೆ ಓದಿ ಹೇಳಿದೆ. "ಅಜ್ಜಿ ಸಾಕಿದ ಹುಡುಗ" ಎನ್ನುವಲ್ಲಿ ಅವಳು ನಕ್ಕು ನಕ್ಕು ನೆಲಕ್ಕೆ ಕುಸಿದಳು. ನಾನು ಅರ್ಜಿ ಹಿಂತೆಗೆಯುತ್ತೇನೆ ಎಂದಾಗ ಮಾತ್ರ ನಗು ನಿಲ್ಲಿಸಿದಳು.

"ಯಾಕ್ರೀ?"

"ಅವಳಿಗೆ ಮೋಸ ಆಗತ್ತೆ."

"ಅವಳಿಗೆ ನೀವು ಯಾರಂತ ಗೊತ್ತಿಲ್ಲದೇನೇ ನಿಮ್ಮ ಕೆಲಸ ಇಷ್ಟ ಆಗಿದೆ. ಮೂವತ್ತು ವರ್ಷದಲ್ಲಿ ಒಂದ್ಸಲನಾದ್ರೂ ಹಾಗಾಗಿತ್ತಾ? ಅದನ್ನೂ ಕಿತ್ಕೋಬೇಡಿ."

ಹೌದು, ಮಗಳೇ. ಮುಖ ನೋಡದೆ, ಹುದ್ದೆ ನೋಡದೆ, ಬಗ್ಗಿದ ಸೊಂಟವಿಲ್ಲದೆ ಯಾರೋ ನನ್ನ ಕೋಡು ಚೆನ್ನಾಗಿದೆ ಎಂದದ್ದು ಇದೇ ಮೊದಲು. ಆ ಯಾರೋ ನೀನೇ ಆಗಬೇಕಿತ್ತೇ? ಹೇಳಿದರೆ ನಾನು ಹೊರಗೆ. ಹೇಳದಿದ್ದರೆ ನಾನು ಸುಳ್ಳುಗಾರ. ಇದಾದ ಮೇಲೆ ಯಾರೂ ವಯಸ್ಸು ಕೇಳದೆ ಬಾಗಿಲು ತೆಗೆಯುವುದಿಲ್ಲ ಎಂದು ನನಗೆ ಗೊತ್ತು.

ಕಾಗದ ಮಡಚಿ ಡ್ರಾಯರಿಗೆ ಹಾಕುತ್ತಿದ್ದೇನೆ.

---

ಮೊಕ್ಪೊ
14 ನವೆಂಬರ್

ದಾಯೊನ್,

ತಡವಾಯಿತು. ಅಂಗಡಿಯ ಗಡಿಬಿಡಿ. ಹದಿನೇಳೋ ಎಪ್ಪತ್ತೋ, ಯಾವ ಅಭ್ಯರ್ಥಿಯ ಸುದ್ದಿಯನ್ನೂ ಇನ್ನು ನನಗೆ ಬರೆಯಬೇಡ. ಪರೀಕ್ಷಕಿಯಾದವಳು ಹೊರಗಿನವರೊಡನೆ ಚರ್ಚಿಸಬಾರದು. ಶಿಸ್ತು ಮುಖ್ಯ.

ಬೇರೆ ಸುದ್ದಿ ಬರೆಯುತ್ತೇನೆ. ನಿನ್ನ ಅತ್ತಿಗೆ ಹುಟ್ಟುಹಬ್ಬ ಮಾಡಿಕೊಳ್ಳುವುದು ಚಾಂದ್ರಮಾನದ ಪ್ರಕಾರ. ಹತ್ತನೇ ತಿಂಗಳ ಇಪ್ಪತ್ತನೇ ದಿನ. ಪ್ರತಿ ವರ್ಷ ತಾರೀಕು ಬದಲಾಗುತ್ತದೆ, ಪ್ರತಿ ವರ್ಷ ನಾನು ಮರೆಯುತ್ತೇನೆ. ಆಫೀಸಿನಲ್ಲಿದ್ದ ಅಷ್ಟೂ ವರ್ಷ ಒಮ್ಮೆಯೂ ಅವಳಿಗೆ ಹುಟ್ಟುಹಬ್ಬದಂದು ಉಣ್ಣಲೇಬೇಕಾದ ಕಡಲ ಪಾಚಿ ಸಾರು ಮಾಡಿಕೊಟ್ಟವನಲ್ಲ. ಈ ಸಲ ಬಿಡಬಾರದೆಂದು ಪ್ರೋಗ್ರಾಂ ಬರೆದೆ. ಅದು ಒಂಬತ್ತನೇ ನವೆಂಬರ್ ಎಂದಿತು. ಬೆಳಿಗ್ಗೆ ಐದಕ್ಕೆ ಎದ್ದು ಪಾಚಿ ನೆನೆಹಾಕಿ, ಎಳ್ಳೆಣ್ಣೆಯಲ್ಲಿ ದನದ ಮಾಂಸ ಹುರಿದು, ಸಾರು ಕುದಿಸಿ, ಅವಳ ಮುಂದಿಟ್ಟೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. ಕಣ್ಣು ತುಂಬಿಕೊಂಡು ಬಟ್ಟಲು ಬರಿದು ಮಾಡಿದಳು.

ಮಧ್ಯಾಹ್ನ ಗೋಡೆಯ ಪಂಚಾಂಗ ನೋಡಿದೆ. ಈ ವರ್ಷ ಆರನೇ ತಿಂಗಳು ಅಧಿಕ. ಎರಡು ಸಲ ಬಂದಿದೆ. ನನ್ನ ಪ್ರೋಗ್ರಾಂ ಅದನ್ನು ಇನ್ನೊಂದು ತಿಂಗಳೆಂದು ಎಣಿಸಿ ಮುಂದೆ ಓಡಿತ್ತು. ನಿಜವಾದ ದಿನ ಡಿಸೆಂಬರ್ ಒಂಬತ್ತು.

"ನಿಂಗೆ ಗೊತ್ತಿತ್ತಾ?" ಎಂದೆ.

"ಗೊತ್ತಿಲ್ದೆ ಏನ್ರೀ? ನಾನು ಹುಟ್ಟಿದ ದಿನ ನಂಗೆ ಗೊತ್ತಿರಲ್ವಾ?"

"ಮತ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಸಾರು ಆರಿಹೋಗ್ತಿತ್ತು."

ಇಪ್ಪತ್ನಾಲ್ಕು ವರ್ಷ ತಾರೀಕುಗಳ ಕೋಡು ಬರೆದವನು ನಾನು. ಯಾರಿಗೂ ಹೇಳಬೇಡ.

ಸಾಂಗು

---

ಪಾಂಗ್ಯೊ
25 ನವೆಂಬರ್

ಸನ್‌ಬೇನಿಮ್,

ಸಾರಿನ ಕಥೆ ಓದಿ ನಕ್ಕೆ, ಅತ್ತಿಗೆಗೆ ಮನಸ್ಸಿನಲ್ಲೇ ಅಡ್ಡಬಿದ್ದೆ, ಒಂದೇ ಸಲ.

ಆದರೆ "ಶಿಸ್ತು ಮುಖ್ಯ" ಎಂಬ ಮಾತನ್ನು ನಾಲ್ಕು ಸಲ ಓದಿದೆ. ಪ್ರತಿ ಕಾಗದಕ್ಕೂ ಮೂರು ಪುಟ ಕೆಂಪು ಶಾಯಿ ಕಳಿಸುತ್ತಿದ್ದವರು ನೀವು. ಈಗ ನಮ್ಮ ಕೆಲಸದ ಮಾತೇ ಬೇಡವಾಯಿತೇ? ಕೋಳಿ ಅಂಗಡಿಯ ಭರಾಟೆಯಲ್ಲಿ ನಮ್ಮಂಥವರ ಸಂಕಟ ಚಿಲ್ಲರೆಯಾಗಿ ಕಾಣುವುದು ಸಹಜ. ದೂರುತ್ತಿಲ್ಲ. ಸ್ವಲ್ಪ ದೂರುತ್ತಿದ್ದೇನೆ.

ನೀವು ಬೇಡವೆಂದರೂ ಒಂದೇ ವಿಷಯ ಬರೆದುಬಿಡುತ್ತೇನೆ. ಆಮೇಲೆ ಬಾಯಿಗೆ ಬೀಗ. ಲಿಯೊ ಹದಿನೇಳರ ಕೋಡನ್ನು ದೀಪಕ್ಕೆ ಹಿಡಿದು ನೋಟು ಪರೀಕ್ಷಿಸುವವರಂತೆ ನೋಡಿ ಹೇಳಿದರು: "ಈತ ಮುದುಕ."

"ಹೇಗೆ ಹೇಳ್ತೀರಿ?" ಎಂದೆ.

"ಸಾಲು ನೋಡಿ, ಎಲ್ಲ ಗಿಡ್ಡ. ಅಕ್ಷರ ದೊಡ್ಡದು ಮಾಡ್ಕೊಂಡು ಬರೆದಿದ್ದಾನೆ, ಅದಕ್ಕೆ ಸಾಲು ಬೇಗ ಮುರಿಯತ್ತೆ. ಚಾಳೀಸು ಕಣ್ರೀ! ಮೇಲಾಗಿ ಟಿಪ್ಪಣಿಗೆಲ್ಲ ಪೂರ್ಣವಿರಾಮ ಹಾಕಿದ್ದಾನೆ. ಮೂವತ್ತರೊಳಗಿನವರು ಪೂರ್ಣವಿರಾಮ ಹಾಕಿದ್ದು ಎಲ್ಲಾದ್ರೂ ಕಂಡಿದ್ದೀರಾ?"

ಕೆವಿನ್ ಅವರ ಮುಖ ಸಪ್ಪೆಯಾಯಿತು. "ವಯಸ್ಸಾದವರಾದ್ರೆ ಕೆಲಸ ಹೇಳೋದು ಹೇಗಪ್ಪಾ? 'ಇದನ್ನ ಇವತ್ತೇ ಮುಗಿಸಿ' ಅಂತ ಯಾವ ಬಾಯಲ್ಲಿ ಹೇಳ್ಲಿ? ನಮ್ಮಪ್ಪ ನೆನಪಾಗ್ತಾರೆ." ವಯಸ್ಸು ನೋಡುವುದಿಲ್ಲ ಎಂದು ಗೋಡೆಗೆ ಅಂಟಿಸಿದವರೇ ಇವರು!

ನಾನು ಮೇಜು ಗುದ್ದಿ, ಹದಿನೇಳು ಎಳೆ ಹುಡುಗನೆಂದು ವಾದಿಸಿ, ಕೊನೆಯ ಮೂವರ ಪಟ್ಟಿಗೆ ಸೇರಿಸಿದೆ. ಆದರೆ ಮನೆಗೆ ಬಂದ ಮೇಲೆ ನನ್ನನ್ನೇ ಕೇಳಿಕೊಂಡೆ: ಅವನು ಮುದುಕನೇ ಆಗಿದ್ದರೆ ನಾನು ಮೇಜು ಗುದ್ದುತ್ತಿದ್ದೆನೇ? ನೇರವಾಗಿ ಹೇಳಿ: ನಿಮ್ಮ ವಯಸ್ಸಿನವರು ನನ್ನಂಥವಳ ಕೈಕೆಳಗೆ ಕೂತು, ನಾನು ತಿದ್ದಿದ್ದನ್ನು ನೋಡಿ ನೊಂದುಕೊಳ್ಳದೆ ಕೆಲಸ ಮಾಡಬಲ್ಲರೇ? ಡಿಸೆಂಬರ್ ಒಂಬತ್ತಕ್ಕೆ ಕೊನೆಯ ಸಂದರ್ಶನ.

ದಾಯೊನ್

---

ಮೊಕ್ಪೊ
1 ಡಿಸೆಂಬರ್

ದಾಯೊನ್,

ನಿನ್ನ ಪ್ರಶ್ನೆ ಒಳ್ಳೆಯದು. ಉತ್ತರ ಹೇಳಲು ಈಗ ನನಗೆ ಹಕ್ಕಿಲ್ಲ. ಒಂಬತ್ತು ಕಳೆಯಲಿ.

ಕೆಲಸದ ಮಾತು ನನಗೆಂದೂ ಬೇಡವಾಗಿಲ್ಲ. ಅಷ್ಟು ಮಾತ್ರ ನಂಬು.

ಸಾಂಗು

---

ಪಾಂಗ್ಯೊ
10 ಡಿಸೆಂಬರ್

ಸನ್‌ಬೇನಿಮ್,

ಫಲಿತಾಂಶ ಬರುವ ತನಕ ಈ ಕಾಗದ ನನ್ನ ಚೀಲದಲ್ಲೇ ಇರುತ್ತದೆ. ನೀವು ಅಭ್ಯರ್ಥಿ. ಶಿಸ್ತು ಮುಖ್ಯ.

ನಿನ್ನೆ ಮಧ್ಯಾಹ್ನ ಎರಡಕ್ಕೆ ಹದಿನೇಳು ಎದುರು ಕೋಣೆಯಲ್ಲಿ ಕೂತದ್ದು, ನಾವು ಈಚೆ ಟೈಪಿಸಿದ್ದು ನಿಮಗೆ ಗೊತ್ತಿರುವುದೇ. ಈಚೆ ಏನಾಯಿತು ಎನ್ನುವುದು ಗೊತ್ತಿಲ್ಲವಲ್ಲ, ಅದನ್ನು ಬರೆಯುತ್ತೇನೆ.

ಮೊದಲಿಗೆ ಪರದೆಯ ಮೇಲೆ ಬಂದದ್ದು: "ಕ್ಷಮಿಸಿ, ಬೆಳಿಗ್ಗೆ ಪಾಚಿ ಸಾರು ಕುಡಿದು ಬಂದಿದ್ದೇನೆ. ಜಾರಿದರೆ ಸಾರಿನ ತಪ್ಪು." ಲಿಯೊ ಹೊಟ್ಟೆ ಹಿಡಿದು ನಕ್ಕರು: "ಪರೀಕ್ಷೆ ದಿನ ಪಾಚಿ ಸಾರು ಕುಡಿದು ಬಂದ ಮೊದಲ ಗಂಡು! ಜಾರಿ ಬೀಳ್ತೀವಿ ಅಂತ ನಮ್ಮಮ್ಮ ಪರೀಕ್ಷೆ ವಾರ ಪಾಚಿ ಮನೆಗೇ ತರ್ತಿರಲಿಲ್ಲ." ನಾನೂ ನಕ್ಕೆ. ದಡ್ಡಿ.

ಒಂದು ಗಂಟೆ ಕೋಡಿನ ಮಾತು. ಎರಡು ಕಡೆ ನೀವು "ಗೊತ್ತಿಲ್ಲ" ಎಂದಿರಿ. ಎರಡಕ್ಕೂ ಪೂರ್ಣವಿರಾಮ ಹಾಕಿದಿರಿ. ಕೊನೆಗೆ ನನ್ನ ಸರದಿ. ಕನ್ನಡಕ ಸರಿಮಾಡಿಕೊಂಡು, ಮಹಾ ಗಾಂಭೀರ್ಯದಿಂದ ಟೈಪಿಸಿದೆ: "ಇತ್ತೀಚೆಗೆ ನೀವು ಕೆಡಿಸಿದ್ದೇನು?"

ಕರ್ಸರ್ ಮಿಣಿ ಮಿಣಿ ಅನ್ನುತ್ತಲೇ ಇತ್ತು. "ನಿದ್ದೆ ಹೋದ್ರಾ?" ಎಂದರು ಕೆವಿನ್. ಆಮೇಲೆ ಗಿಡ್ಡ ಗಿಡ್ಡ ಸಾಲುಗಳು ಬಂದವು:

"ಈ ಪ್ರಶ್ನೆಗೆ ಯಾವ ಉತ್ತರಕ್ಕೆ ಅಂಕ ಸಿಗುತ್ತದೆಂದು ನನಗೆ ಮೊದಲೇ ಗೊತ್ತು. ಆದ್ದರಿಂದ ಇದಕ್ಕೆ ಅಂಕ ಕೊಡಬೇಡಿ. ಬೇರೊಂದು ಕಟ್ಟಿ ಹೇಳಬಹುದಿತ್ತು. ಆದರೆ ಸಂದರ್ಶನದಲ್ಲಿ ಸುಳ್ಳು ಹೇಳಿದವರನ್ನು ನಾನೂ ಹಿಂದೆ ಮನೆಗೆ ಕಳಿಸಿದ್ದೇನೆ. ಇತ್ತೀಚೆಗೆ ನಾನು ಕೆಡಿಸಿದ್ದು ನನ್ನ ಹೆಂಡತಿಯ ಹುಟ್ಟುಹಬ್ಬ. ಅಧಿಕಮಾಸ ಮರೆತೆ. ಒಂದು ತಿಂಗಳು ಮೊದಲೇ ಸಾರು ಮಾಡಿದೆ. ಅವಳು ಗೊತ್ತಿದ್ದೂ ಕುಡಿದಳು. ಅಷ್ಟು ವರ್ಷ ಕಾದವಳಿಗೆ ತಪ್ಪು ದಿನದ ಸಾರೂ ಸಾಕೆನ್ನಿಸಿತಲ್ಲ, ನೋವಾದದ್ದು ಅವಳಿಗೆ. ಸರಿಯಾದ ದಿನ ಇವತ್ತು. ಅದಕ್ಕೇ ಕುಡಿದು ಬಂದೆ."

ನಿಮಗೆ ಗೊತ್ತಿತ್ತು. ಈ ಕಥೆ ನನ್ನ ಚೀಲದಲ್ಲಿ ಕಾಗದವಾಗಿ ಮಡಚಿ ಕೂತಿದೆ ಎಂದು, ಓದಿದ ಕೂಡಲೇ ಗುರುತು ಹಿಡಿಯುತ್ತೇನೆ ಎಂದು, ಹಿಡಿದರೆ ನೀವು ಎಲ್ಲ ಕಳೆದುಕೊಳ್ಳಬಹುದು ಎಂದು ನಿಮಗೆ ಗೊತ್ತಿತ್ತು. ಆದರೂ ಟೈಪಿಸಿದಿರಿ.

ನಾನು ಎದ್ದು ನಿಂತೆ. ಅಂಕಪಟ್ಟಿಯನ್ನು ಖಾಲಿ ಇಟ್ಟು, "ನನಗೆ ಇವರು ಗೊತ್ತು. ನಾನು ಹೊರಗೆ" ಎಂದೆ. ಹೊರಗೆ ಬಂದು ಗಾಜಿನ ಬಾಗಿಲಿಗೆ ಕಿವಿ ಕೊಟ್ಟೆ. ನಿಯಮದಲ್ಲಿ ಕಿವಿಯ ಬಗ್ಗೆ ಏನೂ ಬರೆದಿಲ್ಲ.

"ಗುರುತು ಹೇಳ್ಕೊಂಡ ಹಾಗಾಯ್ತಲ್ಲ, ಅಭ್ಯರ್ಥಿನೂ ಹೊರಗೆ" ಎಂದರು ಲಿಯೊ.

"ಹೆಂಡತಿಗೆ ಸಾರು ಮಾಡಿದೆ ಅನ್ನೋದು ಗುರುತು ಹೇಗಾಗತ್ತೆ? ದೇಶದಲ್ಲಿ ಎಷ್ಟು ಗಂಡಸರು ಮಾಡ್ತಾರೆ!"

"ಎಷ್ಟು ಜನ? ನೀವು ಮಾಡಿದ್ದೀರಾ?"

ಕೆವಿನ್ ಪೆನ್ನಿನ ಗುಂಡಿ ಒತ್ತಿ ಒತ್ತಿ ಬಿಡುವ ಸದ್ದು ಕೇಳಿಸಿತು.

"ನಾನೂ ಮಾಡಿಲ್ಲ" ಎಂದರು ಲಿಯೊ. "ಹಾಗಾದ್ರೆ ಗುರುತೇ ಅದು."

ಆಮೇಲೆ ಬಾಗಿಲ ಹತ್ತಿರ ಯಾರೋ ಬಂದದ್ದರಿಂದ ನಾನು ಹೂಕುಂಡ ಒರೆಸತೊಡಗಿದೆ. ಎದುರು ಕೋಣೆಯ ಬಾಗಿಲು ಮುಚ್ಚಿತ್ತು. ಹತ್ತೇ ಹೆಜ್ಜೆ. ತಟ್ಟಲಿಲ್ಲ.

*19 ಡಿಸೆಂಬರ್.* ಇದನ್ನು ಇವತ್ತು ಸೇರಿಸುತ್ತಿದ್ದೇನೆ. ಹತ್ತು ದಿನ ವಾದ ನಡೆಯಿತು. ಕೊನೆಗೆ ನನ್ನ ಅಂಕಗಳನ್ನೆಲ್ಲ, ಕೋಡಿಗೆ ಕೊಟ್ಟದ್ದನ್ನೂ ಸೇರಿಸಿ, ಅಳಿಸಿದರು. ಪ್ರಶ್ನೆಯೇ ಇಲ್ಲದ ಮೇಲೆ ಹೇಳಿಕೊಂಡ ಗುರುತೂ ಇಲ್ಲವೆಂದು ಆ ಕೊನೆಯ ಪ್ರಶ್ನೆಯನ್ನೂ ಅಳಿಸಿದರು. ಉಳಿದ ಇಬ್ಬರು ಪರೀಕ್ಷಕರ ಅಂಕ ಕೂಡಿಸಿದರು. ಹದಿನೇಳೇ ಮೊದಲು. "ಬೈಬೇಡಿ" ಗುಂಡಿಗೆ ಲಿಯೊ ಪೂರ್ತಿ ಅಂಕ ಕೊಟ್ಟಿದ್ದರಂತೆ. ಅವರ ಅಜ್ಜಿ ಎರಡು ವರ್ಷದಿಂದ ಮಾತ್ರೆಯನ್ನು ಹೂಕುಂಡಕ್ಕೆ ಹಾಕುತ್ತಿದ್ದಾರೆ.

ಆಯ್ಕೆಯಾದ ಮೇಲೆ ತೆರೆಯಲೆಂದು ಸಂದರ್ಶನದ ದಿನ ಅಭ್ಯರ್ಥಿಯಿಂದ ಗುರುತು ಬರೆಸಿ ಮುಚ್ಚಿಟ್ಟಿದ್ದ ಲಕೋಟೆ ಒಡೆದರು. ಹುಟ್ಟಿದ ವರ್ಷ ನೋಡಿ ಕೆವಿನ್ ನೀರು ಕುಡಿದರು. "ಮೂರು ತಿಂಗಳು ಪರೀಕ್ಷಾರ್ಥ" ಎಂದರು. "ಕೆಲಸ ಹೇಳೋದು ನನ್ನಿಂದಾಗಲ್ಲ, ಇವರು ಹೇಳ್ಲಿ" ಎಂದು ನನ್ನತ್ತ ಕೈ ತೋರಿಸಿದರು. ಇಂಗ್ಲಿಷ್ ಹೆಸರೇನು ಇಡುವುದು ಎಂಬ ಚರ್ಚೆಯೇ ಆಗಲಿಲ್ಲ. ಈಗಾಗಲೇ ಎಲ್ಲರೂ ನಿಮ್ಮನ್ನು ಹದಿನೇಳು ಎನ್ನುತ್ತಿದ್ದಾರೆ.

ಈಗ ನನ್ನ ಮಾತು. ಇದಕ್ಕೆ "ಬೈಬೇಡಿ" ಗುಂಡಿ ಇಲ್ಲ. ಅಂಗಡಿ ಇದೆಯೇ ಎಂದು ನಿನ್ನೆ ಅತ್ತಿಗೆಗೆ ಫೋನ್ ಮಾಡಿದೆ. ಆಗಸ್ಟಿನಲ್ಲೇ ಮುಚ್ಚಿತು ಎಂದರು. ಅವರ ಕೈ ಹಾಗಾದದ್ದೂ ನನಗೆ ಗೊತ್ತಿರಲಿಲ್ಲ. ಯಾರಿಗೆ ನೋವಾಯಿತೆಂದು ಊರವರನ್ನೆಲ್ಲ ಕೇಳಿದವರು ನೀವು. ಭರ್ಜರಿ, ಭರ್ಜರಿ ಎಂದು ಬರೆಯುವಾಗ ನನ್ನನ್ನು ಒಮ್ಮೆಯೂ ನೆನೆಯಲಿಲ್ಲವೇ? ನೀವು ಗೆಲ್ಲದಿದ್ದರೆ ನಾನು ಕಾಗದ ಬರೆಯುವುದನ್ನು ನಿಲ್ಲಿಸುತ್ತೇನೆ ಎಂದುಕೊಂಡಿರೇ?

ಜನವರಿ ಐದು, ಬೆಳಿಗ್ಗೆ ಒಂಬತ್ತು ಗಂಟೆ. ತಡಮಾಡಬೇಡಿ.

ದಾಯೊನ್

---

ಮೊಕ್ಪೊ
24 ಡಿಸೆಂಬರ್

ಓಕ್ ದಾಯೊನ್ ಸನ್‌ಬೇನಿಮ್ ಅವರ ಸನ್ನಿಧಾನಕ್ಕೆ,

ತಮ್ಮ ಕೈಕೆಳಗೆ ಪಳಗಲಿರುವ ಬ್ಯೊನ್ ಸಾಂಗು ಮಾಡುವ ವಿಜ್ಞಾಪನೆ. ಆ ಕಂಪನಿಗೆ ನನಗಿಂತ ಆರು ವರ್ಷ ಮೊದಲು ಸೇರಿದವರು ತಾವು. ಒಂದು ದಿನ ಮೊದಲಾದರೂ ಸನ್‌ಬೇ ಸನ್‌ಬೇಯೇ. ಇನ್ನು ಸತ್ತ ಮೇಲೂ ನನಗೆ ಬಿಡುಗಡೆಯಿಲ್ಲ.

ಇದರ ಜೊತೆ ಇನ್ನೊಂದು ಕಾಗದವಿದೆ. ನವೆಂಬರ್ ಎರಡರದು. ಡ್ರಾಯರಿನಲ್ಲಿತ್ತು. ಪುರಸೊತ್ತಾದಾಗ ಓದಿ. "ತೆಳ್ಳಗಿನ ಹುಡುಗ" ಎನ್ನುವಲ್ಲಿ ದಯವಿಟ್ಟು ನಗಬೇಡಿ. ಮಿರ್ಯೊಂಗ್ ಇನ್ನೂ ನಿಲ್ಲಿಸಿಲ್ಲ. ಮೂರು ತಿಂಗಳು ನಾನು ಪಾಂಗ್ಯೊದಲ್ಲಿ ಬಾಡಿಗೆ ಕೋಣೆ ಹಿಡಿಯುತ್ತೇನೆಂದೆ. "ನೀವೊಬ್ರೇ ಹೋದ್ರೆ ಸಾರು ಯಾರು ಮಾಡ್ತಾರೆ, ಕಲಿತಿದ್ದು ಮರೆತೋಗತ್ತೆ" ಎಂದು ಅವಳೂ ಗಂಟು ಕಟ್ಟುತ್ತಿದ್ದಾಳೆ.

ತಾವು ಕೇಳಿದ್ದಿರಿ: ನನ್ನ ವಯಸ್ಸಿನವರು ತಮ್ಮ ಕೈಕೆಳಗೆ ನೊಂದುಕೊಳ್ಳದೆ ಕೆಲಸ ಮಾಡಬಲ್ಲರೇ? ಗೊತ್ತಿಲ್ಲ. ಮೊದಲ ದಿನ ಸ್ವಲ್ಪ ನೋಯಬಹುದು. ಹನ್ನೊಂದು ವರ್ಷದ ಹಿಂದೆ ತಮಗೂ ನೋಯುತ್ತಿತ್ತು. ಮೆಟ್ಟಿಲ ಮೇಲೆ ಕೂತು ಧೂಳು ಎನ್ನುತ್ತಿದ್ದಿರಿ. ಆ ಧೂಳು ನನಗೆ ಗೊತ್ತಿತ್ತು.

ಅಳಿಸಿಹೋದ ಪ್ರಶ್ನೆಗೆ ಮತ್ತೊಮ್ಮೆ ಉತ್ತರ ಬರೆಯಲು ಅಪ್ಪಣೆಯಾಗಲಿ.

ಇತ್ತೀಚೆಗೆ ಕೆಡಿಸಿದ್ದು: ನಾಲ್ಕು ವರ್ಷ ಒಂದೂ ಸುಳ್ಳಿಲ್ಲದೆ ನಡೆದಿದ್ದ ಒಂದು ಪತ್ರವ್ಯವಹಾರ. ತಪ್ಪು ಎಲ್ಲಿತ್ತು: ಗೆದ್ದವನ ಕಾಗದವನ್ನಷ್ಟೇ ತಾವು ಓದುತ್ತೀರಿ ಎಂದು ನಾನು ಎಣಿಸಿದ್ದರಲ್ಲಿ. ನೋವಾದದ್ದು: ದಾಯೊನ್‌ಗೆ.

ಸರಿಪಡಿಸುವ ಬಗೆ ತಾವೇ ತಿದ್ದಿ ತೋರಿಸಬೇಕು. ತಾವು ಕೊಂಡಿಟ್ಟ ಕೆಂಪು ಶಾಯಿ ಒಂದು ಬಾಟಲಿ ಸಾಲದು. ನನ್ನ ಹತ್ತಿರ ಹಳೆಯದು ಅರ್ಧ ಉಳಿದಿದೆ. ಐದನೇ ತಾರೀಕು ಬರುವಾಗ ತರುತ್ತೇನೆ.

ಹದಿನೇಳು